ಸೊಗಸಾಗಿ ಬೀಳುವ ಪೈಲ್ವಾನ

“ವಸ್ತಾದರ, ಎರಡು ಕಾಲೇಜಿನವ್ರು ಬಾ ಅಂತ ಕರದಾರ್ರಿ. ನಾ ಯಾವ್ದಕ್ಕ ಹೋಗ್ಲಿ?”

ಕೇಳಿದವಳು ಕಸ್ತೂರಿ. ನಮ್ಮ ಗರಡಿಯ ಹೆಣ್ಣುಮಕ್ಕಳಲ್ಲಿ ಕುಸ್ತಿಯಲ್ಲಿ ಪದಕ ತಂದವಳು ಅವಳೊಬ್ಬಳೇ. ಅದು ಬೆಳ್ಳಿ ಪದಕ, ಫೈನಲಿನಲ್ಲಿ ಒಬ್ಬ ಕಾಲೇಜು ಹುಡುಗಿ ಅವಳನ್ನು ಕೆಡವಿದ್ದಳು. ಪಿಯುಸಿ ಮುಗಿಸಿದ್ದಳು. ಕುಸ್ತಿ ಬಿಡುವ ಮನಸ್ಸು ಅವಳಿಗಿರಲಿಲ್ಲ. ಆದರೆ ಕುಸ್ತಿಯೊಂದೇ ಅವಳಿಗೆ ಸಾಲುತ್ತಲೂ ಇರಲಿಲ್ಲ. ಬ್ಯಾಂಕು, ಬಡ್ಡಿ, ಷೇರುಪೇಟೆ ಎಂದರೆ ಕಿವಿ ನೆಟ್ಟಗಾಗುತ್ತಿತ್ತು. ಚುನಾವಣೆ ಬಂದರೆ ಊಟ ಬಿಟ್ಟು ವಾದಕ್ಕೆ ನಿಲ್ಲುತ್ತಿದ್ದಳು. ಹಣಕಾಸು ಓದಬೇಕೋ ರಾಜ್ಯಶಾಸ್ತ್ರ ಓದಬೇಕೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಕಾಲೇಜು ಮಾತ್ರ ಆ ವಾರದೊಳಗೆ ತೀರ್ಮಾನವಾಗಬೇಕಿತ್ತು.

ನಮಗೆ ಕುಸ್ತಿ ಕಲಿಸುವ ವಸ್ತಾದ ಫಕೀರಪ್ಪನವರು ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಪೈಕಿಯವರಲ್ಲ. ನಾವು ‘ಈ ಪಟ್ಟು ಸರಿಯೇ’ ಎಂದು ಕೇಳಿದರೆ ಅವರು ‘ಊಟ ಆಯಿತೇ’ ಎಂದು ಕೇಳುತ್ತಾರೆ. ಅವತ್ತು ಕೂಡ ಮಣ್ಣಿನ ಕಟ್ಟೆಯ ಮೇಲೆ ಕೂತು, “ಎರಡೂ ಕಡೆ ನಿನ್ನ ಹೆಂಗ ನೋಡ್ಕೊಂಡ್ರು?” ಎಂದರು.

ಕಸ್ತೂರಿ ಸಂತೋಷದಿಂದ ಹೇಳಿದಳು. ಒಂದು ಕಾಲೇಜಿನಲ್ಲಿ ಪ್ರಿನ್ಸಿಪಾಲರೇ ಗೇಟಿಗೆ ಬಂದು ಹೂಗುಚ್ಛ ಕೊಟ್ಟರು. ಇನ್ನೊಂದರಲ್ಲಿ ಅವಳ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿದ್ದರು. ಅಲ್ಲಿ ಹೆಸರು ಬರೆದ ಟ್ರ್ಯಾಕ್‌ಸೂಟು, ಇಲ್ಲಿ ಹಾಸ್ಟೆಲಿನಲ್ಲಿ ದಿನಾ ಹಾಲು ಮೊಟ್ಟೆ. ಎರಡೂ ಕಡೆ ತಮ್ಮ ಹುಡುಗಿಯರ ಜೊತೆ ಕುಸ್ತಿ ಆಡಿಸಿದರು. ಎರಡೂ ಕಡೆ ಇವಳೇ ಎಲ್ಲರನ್ನೂ ಕೆಡವಿ ಬಂದಳು.

“ಅದಕ್ಕ ತಿಳೀವಲ್ದು” ಎಂದಳು.

ವಸ್ತಾದರು ಕಾಲು ಮಡಚಿ ಕೂತರು. ಅವರು ಕಾಲು ಮಡಚಿದರೆ ಕತೆ ಬರುತ್ತದೆಂದು ನಮಗೆಲ್ಲ ಗೊತ್ತು. ದಂಡ ಹೊಡೆಯುತ್ತಿದ್ದವರು ಕೂಡ ನಿಲ್ಲಿಸಿ ಹತ್ತಿರ ಬಂದರು.

ಒಂದು ರಾಜ್ಯದಲ್ಲಿ ಒಬ್ಬ ಪೈಲ್ವಾನನಿದ್ದ. ವಯಸ್ಸು ಸಣ್ಣದು, ಮೈ ದೊಡ್ಡದು. ಅವನ ಊರಿನ ಗರಡಿಯಲ್ಲಿ ಅವನಿಗೆ ಜೋಡಿ ಕಟ್ಟಲು ಯಾರೂ ಉಳಿದಿರಲಿಲ್ಲ. ಇನ್ನು ಮುಂದೆ ಕಲಿಯಬೇಕಾದರೆ ಊರು ಬಿಡಬೇಕಿತ್ತು.

ಅವನಿಗೆ ಇನ್ನೊಂದು ಹುಚ್ಚಿತ್ತು. ಸಂತೆಗೆ ಹೋದರೆ ಏನನ್ನೂ ಕೊಳ್ಳದೆ ವ್ಯಾಪಾರ ನೋಡುತ್ತ ನಿಲ್ಲುತ್ತಿದ್ದ. ಚಾವಡಿಯಲ್ಲಿ ನ್ಯಾಯ ನಡೆದರೆ ಕಂಬಕ್ಕೆ ಒರಗಿ ಕೊನೆಯವರೆಗೂ ಕೇಳುತ್ತಿದ್ದ. ಕುಸ್ತಿ ಮೈಯಲ್ಲಿ ಕಸುವಿರುವವರೆಗೆ ಎಂಬುದು ಅವನಿಗೆ ತಿಳಿದಿತ್ತು. ಆಮೇಲೆ ದೊಡ್ಡ ವ್ಯಾಪಾರಿಯಾಗಬೇಕೆಂದು ಒಂದು ದಿನ ಅನಿಸುತ್ತಿತ್ತು, ಮಂತ್ರಿಯಾಗಬೇಕೆಂದು ಮರುದಿನ ಅನಿಸುತ್ತಿತ್ತು. ಹೋದ ಊರಿನಲ್ಲಿ ಕುಸ್ತಿಯ ಜೊತೆಗೆ ಇವೆರಡರಲ್ಲಿ ಒಂದಾದರೂ ಕಣ್ಣಿಗೆ ಬೀಳಬೇಕು ಎಂಬುದು ಅವನ ಆಸೆ.

ಆ ಕಾಲದಲ್ಲಿ ಒಂದು ಕಟ್ಟಳೆ ಇತ್ತು. ಗರಡಿ ಸೇರುವವನು ಆ ಗರಡಿಯ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳಬೇಕು. ಹಚ್ಚಿಕೊಂಡ ಮೇಲೆ ಬೇರೆ ಗರಡಿಯ ಮಣ್ಣಿಗೆ ಇಳಿಯುವ ಹಾಗಿಲ್ಲ. ಮದುವೆಯಲ್ಲಾದರೂ ಎರಡನೆಯ ಸಂಬಂಧ ಉಂಟು, ಇದರಲ್ಲಿ ಅದೂ ಇಲ್ಲ. ಹೊರಡುವಾಗ ಅವನ ತಾಯಿ, “ಒಂದು ಊರು ನೋಡಿ ಹಚ್ಕೋಬ್ಯಾಡ. ಎರಡಾದ್ರೂ ನೋಡು. ತೊಳದ್ರ ಹೋಗೂ ಮಣ್ಣಲ್ಲ ಅದು” ಎಂದಳು.

ಅವನು ಮೊದಲು ರಾಜಧಾನಿಗೆ ಹೋದ. ಊರಬಾಗಿಲಿನಲ್ಲೇ ಹಲಗೆ ಬಾರಿಸಿದರು. ಹಾರ ಹಾಕಿದರು. ಬಾದಾಮಿ ಅರೆದ ಹಾಲು ಕೊಟ್ಟರು, ಕುಡಿದು ಮುಗಿಸುವ ಮೊದಲೇ ಮತ್ತೆ ತುಂಬಿದರು. ತಾನು ಇಷ್ಟು ದೊಡ್ಡವನೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತಿಳಿದು ಬಹಳ ಸಂತೋಷವಾಯಿತು.

ಬಂದ ಅತಿಥಿಗೆ ಕುಸ್ತಿ ಕೊಡುವುದು ಎಲ್ಲ ಗರಡಿಗಳ ಮರ್ಯಾದೆ. ಸಂಜೆ ಅವನನ್ನು ಮಣ್ಣಿಗೆ ಇಳಿಸಿದರು. ಮಂತ್ರಿಯೇ ನೋಡಲು ಬಂದ. ಎದುರಿಗೆ ಬಂದವನು ಇವನಿಗಿಂತ ಅಗಲವಾಗಿದ್ದ. ಇವನು ಕೈ ಹಾಕಿದ, ಅವನು ಬಿದ್ದ. ಇನ್ನೊಬ್ಬ ಬಂದ, ಅವನೂ ಬಿದ್ದ. ಹಲಗೆಯವರಿಗೆ ಕೈ ಇಳಿಸಲು ಬಿಡುವಿರಲಿಲ್ಲ. ಕೊನೆಗೆ ಬಂದವನು ಎಲ್ಲರಿಗಿಂತ ದೊಡ್ಡವನು, ಗಿರಿಜಾ ಮೀಸೆಯವನು. ಇವನು ಅವನ ಸೊಂಟ ಹಿಡಿದು ಎತ್ತಿ ಹಾಕಿದ. ಮೀಸೆಯವನು ಬಿದ್ದು ಸ್ವಲ್ಪ ಹೊತ್ತು ಏಳಲೇ ಇಲ್ಲ. ಮಂತ್ರಿ ಎದ್ದು ನಿಂತು ನಕ್ಕ.

“ನಮ್ಮ ಗರಡಿಗೆ ಬಾ. ಮುಂಜಾನಿ ಕುಸ್ತಿ, ಸಂಜಿಕೆ ರಾಜಸಭಾ. ನನ್ನ ಹಿಂದನ ನಿಂತು ನೋಡು, ರಾಜ್ಯ ಹೆಂಗ ನಡೀತೈತಿ ಅಂತ” ಎಂದ.

ಅವನು ಆಗಲೇ ಮಣ್ಣಿಗೆ ಕೈ ಹಾಕುತ್ತಿದ್ದ. ಆದರೆ ಅವತ್ತು ಅಮಾವಾಸ್ಯೆ. ಒಳ್ಳೆಯ ದಿನ ನೋಡಿ ಸೋಮವಾರ ಹಚ್ಚಿಕೊಳ್ಳುವುದೆಂದು ಮಾತಾಯಿತು. ನಡುವೆ ಸುಮ್ಮನೆ ಕೂರುವ ಬದಲು ಅವನು ಇನ್ನೊಂದು ಊರಿಗೂ ಹೋಗಿ ಬರಲು ಹೊರಟ. ಸೇರುವ ಯೋಚನೆಯಿಂದಲ್ಲ. ಎರಡು ಊರು ನೋಡಿದೆನೆಂದು ತಾಯಿಗೆ ಹೇಳುವುದಕ್ಕೆ.

ಅದೊಂದು ಪೇಟೆಯ ಊರು. ಬಾಗಿಲಿನಲ್ಲಿ ಯಾರೂ ಕಾದಿರಲಿಲ್ಲ. ಗರಡಿ ಎಲ್ಲಿ ಎಂದು ಕೇಳಿದರೆ, ಮೂಟೆ ಇಳಿಸುತ್ತಿದ್ದವನೊಬ್ಬ ಗದ್ದ ಎತ್ತಿ ದಿಕ್ಕು ತೋರಿಸಿದ. ಒಳಗೆ ಹೋದರೆ ಅಲ್ಲಿಯೂ ಇವನನ್ನು ನೋಡಿದವರಿಲ್ಲ. ನ್ಯಾಯ ಹೇಳುವ ಗೌಡ ಒಬ್ಬ ಕುಂಬಾರನ ಕೈಗೆ ಸಿಕ್ಕು ಮಣ್ಣಿನಲ್ಲಿ ಒದ್ದಾಡುತ್ತಿದ್ದ. ಹಿಂದಿನ ದಿನ ಚಾವಡಿಯಲ್ಲಿ ಅದೇ ಕುಂಬಾರನ ವಿರುದ್ಧ ಗೌಡ ತೀರ್ಪು ಹೇಳಿದ್ದನಂತೆ. ಕುಂಬಾರ ಗೌಡನ ಕುತ್ತಿಗೆ ಹಿಡಿದುಕೊಂಡೇ ತೀರ್ಪಿನಲ್ಲಿ ಎಲ್ಲಿ ತಪ್ಪಿದೆ ಎಂದು ವಾದಿಸುತ್ತಿದ್ದ. ಗೌಡ ಉಸಿರು ಸಿಕ್ಕಾಗಲೆಲ್ಲ ಉತ್ತರ ಕೊಡುತ್ತಿದ್ದ. ಉಳಿದವರು ಬೈಠಕ್ ಹೊಡೆಯುತ್ತ ಇಬ್ಬರಿಗೂ ತಮ್ಮ ಅಭಿಪ್ರಾಯ ಹೇಳುತ್ತಿದ್ದರು.

ಒಬ್ಬ ವ್ಯಾಪಾರಿ ಇವನ ಕಡೆ ತಿರುಗಿದ. ಕಿವಿಯ ಮೇಲೆ ನರೆ ಬಂದಿತ್ತು, ಸಣ್ಣದಾಗಿ ಹೊಟ್ಟೆಯೂ ಬಂದಿತ್ತು.

“ಯಾರಪಾ ನೀ?”

“ಕುಸ್ತಿ ಹಿಡಿಯಾಂವ.”

“ಹಂಗಾರ ಅಲ್ಲ್ಯಾಕ ನಿಂತಿ? ಇಳಿ.”

ಇವನು ಮನಸ್ಸಿನಲ್ಲಿ ನಗುತ್ತ ಇಳಿದ. ವ್ಯಾಪಾರಿಗೆ ನೋವಾಗದ ಹಾಗೆ ಕೆಡವಬೇಕೆಂದು ಯೋಚಿಸಿದ. ಕೈಗೆ ಕೈ ಸೇರಿತು. ಇವನು ತಳ್ಳಿದ ಕೂಡಲೇ ವ್ಯಾಪಾರಿ ಹಿಂದೆ ಸರಿದ. ಇವನು ನುಗ್ಗಿದ. ಆಮೇಲೆ ಕಂಡದ್ದು ಗರಡಿಯ ಹಂಚಿನ ಮಾಡು.

ಎದ್ದ. ಕಾಲು ಜಾರಿತೆಂದುಕೊಂಡ. ಮತ್ತೆ ಹಿಡಿದ, ಮತ್ತೆ ಮಾಡು ಕಂಡಿತು. ಅದರ ನಂತರ ಹುಷಾರಾದ. ನುಗ್ಗದೆ ನಿಂತ. ವ್ಯಾಪಾರಿಯೂ ನಿಂತ. ಹಾಗೇ ನಿಂತು ನಿಂತು ವ್ಯಾಪಾರಿ ಒಂದು ಆಕಳಿಕೆ ತೆಗೆದ. ಇವನಿಗೆ ಸಿಟ್ಟು ಬಂತು, ನುಗ್ಗಿದ. ಮಾಡಿನಲ್ಲಿ ಹಂಚು ಒಡೆದದ್ದು ಎಲ್ಲಿ ಎಂಬುದೂ ಈಗ ಅವನಿಗೆ ಗೊತ್ತಾಯಿತು.

ಎಲ್ಲರೂ ನಕ್ಕರು. ಕುತ್ತಿಗೆ ಸಿಕ್ಕಿಹಾಕಿಕೊಂಡಿದ್ದ ಗೌಡನೂ ನಕ್ಕ. ವ್ಯಾಪಾರಿ ಅವನ ಪಕ್ಕದಲ್ಲೇ ಮಣ್ಣಿನಲ್ಲಿ ಕೂತುಕೊಂಡ.

“ನಾ ಹಿಂದ ಸರದ ಕೂಡ್ಲೆ ನೀ ಯಾಕ ನುಗ್ಗಿದಿ?”

“ನೀವು ಸೋತ್ರಿ ಅಂತ ತಿಳದೆ.”

“ಪ್ಯಾಟ್ಯಾಗ ಒಬ್ಬಾಂವ ಒಮ್ಮಿಗೇ ದರ ಇಳಿಸಿದ್ರ, ಅವನೂ ಸೋತ ಅಂತ ತಿಳ್ಕೊಂಡು ಅವನ ಮಾಲೆಲ್ಲಾ ಮನಿಗೆ ತುಂಬ್ಕೊಂತೀಯೇನು?”

ಪ್ರಶ್ನೆ ಒಳ್ಳೆಯದೇ ಇತ್ತು. ಬೇರೆ ದಿನವಾಗಿದ್ದರೆ ಅವನು ಅದನ್ನು ಬಾಯಲ್ಲಿ ಹಾಕಿಕೊಂಡು ದಿನವಿಡೀ ಚಪ್ಪರಿಸುತ್ತಿದ್ದ. ಅವತ್ತು ಅವಮಾನದಲ್ಲಿ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮೈ ತೊಳೆದುಕೊಂಡು ಹೊರಟ. “ಲೇ, ಉಂಡು ಹೋಗೋ” ಎಂದು ಹಿಂದಿನಿಂದ ಕೂಗಿದರು. ತಿರುಗಿ ನೋಡಲಿಲ್ಲ. ಇಂಥ ಊರನ್ನು ನೋಡಲು ಬಂದದ್ದಕ್ಕೆ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ.

ಭಾನುವಾರ ಹೊತ್ತು ಇಳಿಯುವಾಗ ಅವನು ರಾಜಧಾನಿ ಸೇರಿದ. ಗರಡಿಯ ಅಡುಗೆಮನೆಯ ಹಿತ್ತಲಿನಲ್ಲಿ ಗಿರಿಜಾ ಮೀಸೆಯ ಪೈಲ್ವಾನ ಒಬ್ಬನೇ ಕೂತು ಹೋಳಿಗೆ ತಿನ್ನುತ್ತಿದ್ದ. ಇವನಿಗೆ ಕೆಡುಕೆನಿಸಿತು. ಅಂದು ಸ್ವಲ್ಪ ಜೋರಾಗಿಯೇ ಎತ್ತಿ ಹಾಕಿದ್ದ.

“ಅಣ್ಣಾ, ಬೆನ್ನು ಭಾಳ ನೋಯ್ತೇನು?” ಎಂದು ಕೇಳಿದ.

ಮೀಸೆಯವನು ನಗತೊಡಗಿದ. ನಕ್ಕು ನಕ್ಕು ಮೀಸೆಗೆಲ್ಲ ತುಪ್ಪವಾಯಿತು.

“ಬೆನ್ನಿಗೇನಾಗ್ತೈತೋ ತಮ್ಮಾ. ನಾ ಬೀಳೂದರಾಗ ಪಳಗಿದಾಂವ. ಈ ಗರಡ್ಯಾಗ ನನ್ನಷ್ಟು ಚೆಂದ ಬೀಳಾಂವ ಇನ್ನೊಬ್ಬ ಇಲ್ಲ. ಅದಕ್ಕ ನನ್ನ ಕಡೀಕ ಇಳಸ್ತಾರ.”

ಇವನು ತಮಾಷೆ ಎಂದುಕೊಂಡ. ಮೀಸೆಯವನು ಹೋಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತ. ಮೊದಲು ಎಡಗಾಲು ಸಡಿಲ ಬಿಡಬೇಕು ಎಂದ. ಮುಖಕ್ಕೆ ಅಂಜಿಕೆ ತಂದುಕೊಳ್ಳಬೇಕು ಎಂದು ತಂದುಕೊಂಡು ತೋರಿಸಿದ. ಬಿದ್ದ ಮೇಲೆ ಸ್ವಲ್ಪ ಹೊತ್ತು ಏಳಬಾರದು, ನೋಡುವವರಿಗೆ ಅದರಿಂದ ಹಿಗ್ಗು ಎಂದ. ಆಮೇಲೆ ಬಿದ್ದ. ಹಾಸಿದ ಹಾಸಿಗೆಯ ಮೇಲೆ ಮಲಗಿದ ಹಾಗೆ ಬಿದ್ದ, ಹೋಳಿಗೆಗೆ ಒಂದು ಕಣ ಮಣ್ಣು ತಾಗಲಿಲ್ಲ.

ಇವನ ಮುಖ ಬಾಡಿತು. “ನೀ ಈ ಊರಿಗೆ ಹೆಂಗ ಬಂದಿ?” ಎಂದ.

“ನಿನ್ನಂಗ ಬಂದೆ. ಹಲಗಿ ಬಾರಿಸಿದ್ರು, ಹಾರ ಹಾಕಿದ್ರು. ಬಂದವರನ್ನೆಲ್ಲಾ ಕೆಡವಿದೆ. ಮಂತ್ರಿ ನಕ್ಕ. ಭಾಳ ಖುಷಿ ಆತು, ಮಣ್ಣು ಹಚ್ಕೊಂಡೆ.”

“ಆಮ್ಯಾಲ?”

“ಆಮ್ಯಾಲ ಇನ್ನೊಬ್ಬ ಬಂದ.”

ಇವನು ರಾಜಸಭೆಯ ಮಾತು ತೆಗೆದ. ಅದಕ್ಕೂ ದಿನಾ ಹೋಗುತ್ತೇನೆ ಎಂದ ಮೀಸೆಯವನು. ಮಂತ್ರಿಯ ಹಿಂದೆಯೇ ನಿಲ್ಲುತ್ತೇನೆ, ಹಿಂದೆ ಪೈಲ್ವಾನರು ನಿಂತರೆ ಮಂತ್ರಿ ದೊಡ್ಡವನಾಗಿ ಕಾಣುತ್ತಾನೆ, ಮುಂದೆ ಅವರು ಏನು ಮಾತಾಡುತ್ತಾರೋ ನನ್ನ ಕಿವಿತನಕ ಬರುವುದಿಲ್ಲ ಎಂದ. ಹೇಳುವಾಗ ಅವನಿಗೆ ದುಃಖವೇನೂ ಇರಲಿಲ್ಲ. ಹೋಳಿಗೆ ಚೆನ್ನಾಗಿತ್ತು. ಮಂತ್ರಿಗೆ ಬೇಕಾಗಿದ್ದದ್ದು ಪೈಲ್ವಾನರು, ಕುಸ್ತಿ ಅಲ್ಲ.

ಆಗ ಇವನು ಅಂದಿನ ಕುಸ್ತಿಯನ್ನು ಒಂದೊಂದಾಗಿ ನೆನೆದ. ಕುಸ್ತಿ ಬಲ್ಲವನು ಬೀಳುವಾಗ ಮಗ್ಗುಲಿಗೆ ಹೊರಳುತ್ತಾನೆ, ಕುತ್ತಿಗೆ ಊರುತ್ತಾನೆ, ಏನಾದರೂ ಮಾಡಿ ಬೆನ್ನು ಉಳಿಸಿಕೊಳ್ಳುತ್ತಾನೆ. ಅಂದು ಒಬ್ಬನೂ ಹೊರಳಿರಲಿಲ್ಲ. ಎದುರಾಳಿಯ ಬೆನ್ನಿಗೆ ಮಣ್ಣು ಹತ್ತಿದ್ದನ್ನಷ್ಟೇ ಇವನು ನೋಡಿದ್ದ. ಮಂತ್ರಿಯಾಗಬೇಕೆಂದವನು ಮಂತ್ರಿ ಯಾಕೆ ನಕ್ಕನೆಂದು ಕೇಳಿಕೊಂಡಿರಲಿಲ್ಲ. ವ್ಯಾಪಾರಿಯಾಗಬೇಕೆಂದವನು ಪುಕ್ಕಟೆ ಹಾಲು ಯಾಕೆ ಎಂದು ಕೇಳಿಕೊಂಡಿರಲಿಲ್ಲ. ಹಲಗೆಯ ಸದ್ದಿನಲ್ಲಿ ಎರಡೂ ಮರೆತುಹೋಗಿದ್ದವು.

“ಅಣ್ಣಾ, ನನ್ನ ಜೋಡಿ ಒಮ್ಮೆ ಖರೇ ಕುಸ್ತಿ ಹಿಡಿ” ಎಂದ.

ಮೀಸೆಯವನು ಆಚೀಚೆ ನೋಡಿದ. ಪಾತ್ರೆ ತೊಳೆಯುವವರ ಹೊರತು ಯಾರೂ ಇರಲಿಲ್ಲ. ಹೋಳಿಗೆಯನ್ನು ಎಲೆಯ ಮೇಲಿಟ್ಟು ಕೈ ಒರೆಸಿಕೊಂಡ. ಇವನು ಎಚ್ಚರದಿಂದಲೇ ಹಿಡಿದ. ಹೊರಳಿದ, ಕುತ್ತಿಗೆ ಊರಿದ, ಗೊತ್ತಿದ್ದದ್ದನ್ನೆಲ್ಲ ಮಾಡಿದ. ಆದರೂ ಸೌದೆಯ ರಾಶಿಯ ಪಕ್ಕದಲ್ಲಿ ಅಂಗಾತ ಬಿದ್ದ. ಈ ಸಲ ಬೆನ್ನು ನಿಜವಾಗಿ ನೋಯಿತು.

ಮೀಸೆಯವನು ತನ್ನ ಎರಡೂ ಕೈಗಳನ್ನು ನೋಡಿಕೊಳ್ಳುತ್ತ ನಿಂತಿದ್ದ. ಕಣ್ಣಲ್ಲಿ ನೀರು ಬಂದಿತ್ತು, ಬಾಯಿ ನಗುತ್ತಿತ್ತು.

“ನನಗಿನ್ನೂ ಬರ್ತೈತಲ್ಲೋ” ಎಂದ.

ಇವನು ಬಿದ್ದಲ್ಲಿಂದಲೇ ನಕ್ಕ. ಬೀಳುವುದರಲ್ಲಿ ಇಷ್ಟು ಸುಖವಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಎದ್ದು ಹಣೆ ಮುಟ್ಟಿ ನೋಡಿಕೊಂಡ. ಬರಿಯ ಹಣೆ. ಅಷ್ಟು ಹಿಗ್ಗು ಅವನಿಗೆ ಯಾವ ಹಾರ ಹಾಕಿದಾಗಲೂ ಆಗಿರಲಿಲ್ಲ. ನೀನೂ ನನ್ನ ಜೊತೆ ಬಾ ಎಂದು ಮೀಸೆಯವನನ್ನು ಕರೆದ. ಮೀಸೆಯವನು ತನ್ನ ಹಣೆ ತೋರಿಸಿದ. ಆಮೇಲೆ ಉಳಿದ ಹೋಳಿಗೆಯನ್ನು ಎಲೆಯಲ್ಲಿ ಕಟ್ಟಿ ಇವನ ಕೈಗೆ ಕೊಟ್ಟು, “ಹೋಗೂದಿದ್ರ ಈಗ ಹೋಗು. ನಾಳೆ ಹಲಗಿ ಶುರು ಆದ್ರ ಕಾಲು ಏಳೂದಿಲ್ಲ” ಎಂದ.

ಸೋಮವಾರ ಇವನು ಪೇಟೆಯ ಊರಿನ ಗರಡಿಯಲ್ಲಿದ್ದ. ಆ ದಿನವೂ ಯಾರೂ ಎದುರುಗೊಳ್ಳಲಿಲ್ಲ.

“ಮತ್ತ್ಯಾಕ ಬಂದಿ?” ಎಂದ ವ್ಯಾಪಾರಿ.

“ಬೀಳಾಕ.”

“ಹಂಗಾರ ಇಳಿ.”

ಇಳಿದ, ಬಿದ್ದ. ಎದ್ದು ಅಲ್ಲಿಯ ಮಣ್ಣನ್ನು ಹಣೆಗೆ ಹಚ್ಚಿಕೊಂಡ. ಅವತ್ತು ಉಂಡೂ ಉಂಡ. ಆಮೇಲೆ ಬೀಳದ ದಿನವಿರಲಿಲ್ಲ. ವ್ಯಾಪಾರಿ ಕೆಡವಿ ಪೇಟೆಯ ಮಾತು ಹೇಳುತ್ತಿದ್ದ. ಗೌಡ ಕೆಡವಿ ಚಾವಡಿಯ ಮಾತು ಹೇಳುತ್ತಿದ್ದ. ಕುಂಬಾರ ಕೆಡವಿ, ಅವರಿಬ್ಬರೂ ಹೇಳಿದ್ದರಲ್ಲಿ ಸುಳ್ಳು ಎಷ್ಟು ಎಂಬುದನ್ನು ಹೇಳುತ್ತಿದ್ದ. ಇವನು ಕೆಳಗೆ ಬಿದ್ದುಕೊಂಡೇ ಎಲ್ಲರ ಜೊತೆ ವಾದಕ್ಕಿಳಿಯುತ್ತಿದ್ದ.

ಒಂದು ದಿನ ವ್ಯಾಪಾರಿ ಹಿಂದೆ ಸರಿದ. ಇವನು ನುಗ್ಗಲಿಲ್ಲ. ವ್ಯಾಪಾರಿ ಆಕಳಿಸಿದ. ಇವನೂ ಆಕಳಿಸಿದ. ವ್ಯಾಪಾರಿಗೆ ನಗು ತಡೆಯಲಾಗಲಿಲ್ಲ, ಆ ನಗುವಿನೊಳಗೆ ಇವನು ಕೈ ಹಾಕಿದ. ಈ ಸಲ ಮಾಡು ನೋಡಿದವನು ವ್ಯಾಪಾರಿ. ಮಗ್ಗುಲಿಗೆ ಹೊರಳಿದ್ದ, ಕುತ್ತಿಗೆ ಊರಿದ್ದ, ಬೆನ್ನು ಉಳಿಸಿಕೊಳ್ಳಲು ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿ ಬಿದ್ದಿದ್ದ.

ಅವತ್ತು ವ್ಯಾಪಾರಿ ಅಂಗಡಿ ತೆಗೆಯಲಿಲ್ಲ. ಮೈಯ ಮಣ್ಣನ್ನೂ ತೊಳೆಯದೆ ಪೇಟೆಯ ತುಂಬ ಪೇಢೆ ಹಂಚಿದ. “ನಮ್ಮ ಹುಡುಗ ನನ್ನ ಕೆಡವಿದ, ತಗೋರಿ” ಎಂದು ಬೆನ್ನು ತೋರಿಸಿ ತೋರಿಸಿ ಕೊಟ್ಟ. ಗೌಡ ತನಗೆ ಒಂದು ಹೆಚ್ಚಿಗೆ ಬರಬೇಕೆಂದು ಜಗಳ ತೆಗೆದ. ಹುಡುಗನಿಗೆ ಕತ್ತರಿ ಪಟ್ಟು ಹೇಳಿಕೊಟ್ಟವನು ತಾನು ಎಂಬುದು ಅವನ ವಾದ. ಕುಂಬಾರ ಅದನ್ನೂ ಒಪ್ಪಲಿಲ್ಲ.

ಇಷ್ಟು ಹೇಳಿ ವಸ್ತಾದರು ಕಾಲು ಚಾಚಿದರು.

ಕಸ್ತೂರಿಗೆ ಸಮಾಧಾನವಾಗಲಿಲ್ಲ. “ಅಂವ ಕಡೀಕ ವ್ಯಾಪಾರಿ ಆದ್ನೋ, ಮಂತ್ರಿ ಆದ್ನೋ?” ಎಂದಳು.

“ಮುಂಜಾನೆದ್ದು ವ್ಯಾಪಾರಿ, ಗೌಡ ಇಬ್ಬರೂ ಕೂಡಿ ಅವನ್ನ ಕೆಡವ್ತಿದ್ರು. ಆರಿಸ್ಕೊಳಾಕ ಅವಸರ ಏನಿತ್ತು ಅವಗ?”

ನಾವೆಲ್ಲ ನಕ್ಕೆವು. ಕಸ್ತೂರಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಹೋಳಿಗೆ ಹಿಡಿದುಕೊಂಡು ಬೀಳುವುದನ್ನು ಎದ್ದು ನಿಂತು ಮಾಡಿ ತೋರಿಸಿದಳು. ಬಿದ್ದಲ್ಲೇ ಮಲಗಿ ಮತ್ತೂ ನಕ್ಕಳು. ವಸ್ತಾದರೂ ನಗುತ್ತಿದ್ದರು. ಅವಳ ನಗು ಮುಗಿಯುವವರೆಗೆ ಕಾದು ಕೇಳಿದರು:

“ಅದಿರ್ಲಿ ಮಗಳ, ಫೈನಲಿನ್ಯಾಗ ನಿನ್ನ ಖರೇ ಕೆಡವಿದ ಹುಡುಗಿ ಯಾವ ಕಾಲೇಜಿನಾಕಿ?”